ಹರಿಕೇನ್‌ನಲ್ಲಿ ಹಾಳಾದ ಮನೆ: ನಾನ್‌ಪ್ರಾಫಿಟ್ ವಸತಿ ಸಂಸ್ಥೆಯ ನೆರವು ಪಡೆಯುವುದು ಹೇಗೆ?

ಅಮೆರಿಕದ ಗಲ್ಫ್ ತೀರದಲ್ಲೋ ಫ್ಲಾರಿಡಾದಲ್ಲೋ ಕೆರೊಲಿನಾದಲ್ಲೋ ಹರಿಕೇನ್ ಎಂಬ ಚಂಡಮಾರುತ ಬಡಿದು ಹೋದ ಕೆಲವು ವಾರಗಳಿಗೆ ಓದುಗರಿಂದ ಅದೇ ಪ್ರಶ್ನೆ ಬರಲು ಶುರುವಾಗುತ್ತದೆ. "ವಿಮೆ ದುಡ್ಡು ಸಾಲಲ್ಲ, ಸರ್ಕಾರ ಕೊಟ್ಟದ್ದೂ ಸಾಲಲ್ಲ. ನಾನ್‌ಪ್ರಾಫಿಟ್ ಸಂಸ್ಥೆಗಳು ಮನೆ ಕಟ್ಟಿಕೊಡುತ್ತವಂತೆ, ನಿಜಾನಾ? ಅವರ ಹತ್ತಿರ ಹೋಗುವುದು ಹೇಗೆ?"

ನಿಜ, ಕಟ್ಟಿಕೊಡುತ್ತವೆ. ಆದರೆ ಅವರು ಸಾಲಿನಲ್ಲಿ ಕೊನೆಗೆ ಬರುವವರು. ವಿಮೆ, ಸರ್ಕಾರದ ಸಹಾಯಧನ, ಸಾಲ ಇವೆಲ್ಲ ಬಂದ ಮೇಲೂ ಉಳಿಯುವ ಕೊರತೆಯನ್ನು ತುಂಬುವುದು ಅವರ ಕೆಲಸ. ಕೊರತೆ ಎಷ್ಟು ಎಂದು ನೀವು ಕಾಗದದಲ್ಲಿ ತೋರಿಸಿದರೆ ಕೆಲಸ ಬೇಗ ಹಿಡಿಯುತ್ತದೆ. ತೋರಿಸದಿದ್ದರೆ ಅವರಿಗೆ ಎಷ್ಟೇ ಮನಸ್ಸಿದ್ದರೂ ಕೈ ಕಟ್ಟಿ ಹಾಕಿದಂತೆ. ಈ ಲೇಖನದ ಮುಕ್ಕಾಲು ಭಾಗ ಕಾಗದಪತ್ರದ ಬಗ್ಗೆಯೇ ಇರುವುದಕ್ಕೆ ಅದೇ ಕಾರಣ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಂಸ್ಥೆಗಳು ಸಾಮಾನ್ಯವಾಗಿ ಕಡಿಮೆ ಮತ್ತು ಮಧ್ಯಮ ಆದಾಯದವರಿಗಾಗಿ ಇರುವಂಥವು. ಹೆಚ್ಚಿನ ಕಡೆ ಆ ಊರಿನ ನಡುಮಟ್ಟದ ಆದಾಯದ (ಅಂದರೆ ಅರ್ಧ ಮನೆಯವರಿಗೆ ಅದಕ್ಕಿಂತ ಹೆಚ್ಚು, ಅರ್ಧ ಮನೆಯವರಿಗೆ ಅದಕ್ಕಿಂತ ಕಡಿಮೆ ಬರುವ ಆದಾಯದ) ಶೇ. 80ರ ಒಳಗಿರಬೇಕು ಎಂಬ ಮಿತಿ ಇರುತ್ತದೆ. ಇಬ್ಬರೂ ಐಟಿ ಕೆಲಸದಲ್ಲಿರುವ ಮನೆಯವರಿಗೆ ಇದು ಸಿಗುವುದಿಲ್ಲ. ಆದರೆ ನಿಮ್ಮ ಬೀದಿಯ ವಯಸ್ಸಾದ ಒಂಟಿ ಅಜ್ಜಿಗೆ, ನಿಮ್ಮ ಮಗುವನ್ನು ನೋಡಿಕೊಳ್ಳಲು ಬರುವ ಆಕೆಗೆ, ಈಗಷ್ಟೇ ಸಣ್ಣ ಅಂಗಡಿ ಹಾಕಿಕೊಂಡ ನಮ್ಮವರಿಗೆ ಸಿಗಬಹುದು. ಅವರಿಗೆ ಫಾರಂ ತುಂಬಿಕೊಡಲು ಕೂತವರಿಗೂ ಈ ಲೇಖನ ಉಪಯೋಗಕ್ಕೆ ಬರಲಿ.

ಇವರು ಮಾಡುವ ಕೆಲಸ ಏನು?

ನಾನ್‌ಪ್ರಾಫಿಟ್ ವಸತಿ ಡೆವಲಪರ್ ಅಂದರೆ ಲಾಭ ಹಂಚಿಕೊಳ್ಳುವ ಮಾಲೀಕರಿಲ್ಲದ ಬಿಲ್ಡರ್. ಜಾಗ ಹುಡುಕುವುದು, ಹಣ ಹೊಂದಿಸುವುದು, ಕಟ್ಟುವುದು, ಆಮೇಲೆ ನೋಡಿಕೊಳ್ಳುವುದು ಎಲ್ಲವನ್ನೂ ಇತರ ಬಿಲ್ಡರ್‌ಗಳ ಹಾಗೇ ಮಾಡುತ್ತಾರೆ. ಉಳಿದ ಹಣ ಮುಂದಿನ ಮನೆಗೆ ಹೋಗುತ್ತದೆ.

2005ರ ಆಗಸ್ಟ್ 29ರಂದು ಕತ್ರೀನಾ ಹರಿಕೇನ್ ಬಡಿದು, ತಡೆಗೋಡೆಗಳು ಒಡೆದು, ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನ ಸುಮಾರು ಶೇ. 80 ಭಾಗ ಮುಳುಗಿತಲ್ಲ, ಆಮೇಲೆ ಅಲ್ಲಿ ಮೂರು ಬಗೆಯ ಕೆಲಸ ನಡೆಯಿತು. ನಿಮಗೆ ಯಾವುದು ಬೇಕು ಎಂದು ಮೊದಲು ತೀರ್ಮಾನಿಸಿ. ಯಾಕೆಂದರೆ ಒಂದೊಂದಕ್ಕೂ ತಟ್ಟಬೇಕಾದ ಬಾಗಿಲು ಬೇರೆ.

ಒಂದು, ಇರುವ ಮನೆಯನ್ನೇ ದುರಸ್ತಿ ಮಾಡಿಕೊಡುವುದು. 2006ರಲ್ಲಿ ಪಕ್ಕದ ಸೇಂಟ್ ಬರ್ನಾರ್ಡ್ ಪ್ಯಾರಿಷ್ ಎಂಬ ಜಿಲ್ಲೆಯಲ್ಲಿ ಶುರುವಾದ ಸೇಂಟ್ ಬರ್ನಾರ್ಡ್ ಪ್ರಾಜೆಕ್ಟ್ (ಈಗ ಎಸ್‌ಬಿಪಿ) ಇದಕ್ಕೆ ಒಳ್ಳೆಯ ಉದಾಹರಣೆ. ಟೊಯೋಟಾದ ತಜ್ಞರು ಬಂದು ಕೆಲಸದ ಕ್ರಮವನ್ನು ತಿದ್ದಿಕೊಟ್ಟ ಮೇಲೆ ಒಂದು ಮನೆಗೆ ಹಿಡಿಯುತ್ತಿದ್ದ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. ಎರಡು, ಹೊಸ ಮನೆ ಕಟ್ಟಿ ಕೈಗೆಟಕುವ ಕಂತಿನಲ್ಲಿ ಮಾರುವುದು. ಅಪ್ಪರ್ ನೈನ್ತ್ ವಾರ್ಡ್‌ನಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಕಟ್ಟಿದ ಮ್ಯುಸಿಶಿಯನ್ಸ್ ವಿಲೇಜ್‌ನಲ್ಲಿ ಇಂಥ 72 ಮನೆಗಳಿವೆ. ಮೂರು, ಕಡಿಮೆ ಬಾಡಿಗೆಯ ವಸತಿ. ಹಳೆಯ ಲಫೀಟ್ ಸರ್ಕಾರಿ ವಸತಿ ಇದ್ದ ಜಾಗದಲ್ಲಿ ಪ್ರಾವಿಡೆನ್ಸ್ ಕಮ್ಯುನಿಟಿ ಹೌಸಿಂಗ್ ಮತ್ತು ಎಂಟರ್‌ಪ್ರೈಸ್ ಎಂಬ ಎರಡು ಸಂಸ್ಥೆಗಳು ಸೇರಿ ಕಟ್ಟಿದ್ದು ಈ ಬಗೆಯದು.

ಕೆಳಗಿನ ಹಂತಗಳು ಮುಖ್ಯವಾಗಿ ಮೊದಲನೆಯ ಬಗೆಗೆ, ಅಂದರೆ ಸ್ವಂತ ಮನೆಯ ದುರಸ್ತಿಗೆ. ಉಳಿದೆರಡರ ಬಗ್ಗೆ ಕೊನೆಯಲ್ಲಿ ಚಿಕ್ಕದಾಗಿ ಹೇಳಿದ್ದೇನೆ.

1. ಮುಟ್ಟುವ ಮೊದಲು ಫೋಟೋ, ಆಮೇಲೆ ಒಣಗಿಸುವುದು

ನೀರು ಇಳಿದ ತಕ್ಷಣ ಒಳಗೆ ಹೋಗಿ ಎತ್ತಿ ಎಸೆಯಬೇಕು ಅನ್ನಿಸುತ್ತದೆ. ತಡೆಯಿರಿ. ಒಂದೊಂದು ಕೋಣೆಯ ನಾಲ್ಕೂ ಗೋಡೆ, ನೆಲ, ಚಾವಣಿ, ನೀರು ನಿಂತ ಗುರುತು, ಫ್ರಿಜ್ ಮತ್ತು ಏಸಿಯ ಹಿಂದಿನ ಸೀರಿಯಲ್ ನಂಬರ್, ಎಲ್ಲದರ ಫೋಟೋ ತೆಗೆಯಿರಿ. ಗೋಡೆಗೆ ಅಳತೆ ಟೇಪು ಹಿಡಿದು ನೀರಿನ ಗುರುತು ಎಷ್ಟು ಎತ್ತರದಲ್ಲಿದೆ ಎಂಬುದು ಕಾಣುವಂತೆ ಒಂದು ಫೋಟೋ ಇರಲಿ. ಕಾರ್ಪೆಟ್ಟಿನ ಒಂದು ತುಂಡು, ಗೋಡೆಹಲಗೆಯ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ.

ಆಮೇಲೆ ತಡ ಮಾಡಬೇಡಿ. ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಡ್ರೈವಾಲ್ ಎನ್ನುವ ಗೋಡೆಹಲಗೆ ನಾಲ್ಕು ಅಡಿ ಅಗಲದ ಹಾಳೆಯಲ್ಲಿ ಬರುತ್ತದೆ. ಅದನ್ನು ಅಡ್ಡಕ್ಕೆ ಕೂರಿಸಿದ್ದರೆ, ನೀರು ಎರಡೇ ಅಡಿ ಬಂದಿದ್ದರೂ ನಾಲ್ಕು ಅಡಿವರೆಗೆ ಬಿಚ್ಚಿದರೆ ಮುಂದೆ ಹೊಸ ಹಾಳೆಯನ್ನು ಕತ್ತರಿಸದೆ ಇಡಬಹುದು. ಒಳಗಿನ ಮರ ಒಣಗಿದೆಯಾ ಎಂದು ಕೈಯಿಂದ ಮುಟ್ಟಿ ನೋಡಿದರೆ ಸಾಲದು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಶೇ. 15ಕ್ಕಿಂತ ಕೆಳಗೆ ಬರುವ ತನಕ ಹೊಸ ಹಲಗೆ ಹೊಡೆಯಬೇಡಿ. ಒದ್ದೆ ಮರದ ಮೇಲೆ ಹಲಗೆ ಮುಚ್ಚಿದರೆ ಆರು ತಿಂಗಳಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ. ಆ ಎರಡನೇ ಖರ್ಚನ್ನು ಯಾರೂ ಕೊಡುವುದಿಲ್ಲ.

2. ವಿಮೆ

ಸಾಮಾನ್ಯ ಮನೆ ವಿಮೆಯಲ್ಲಿ ಗಾಳಿಯ ಹಾನಿಗೆ ಹಣ ಬರುತ್ತದೆ, ಪ್ರವಾಹಕ್ಕೆ ಬರುವುದಿಲ್ಲ. ಪ್ರವಾಹಕ್ಕೆ ಬೇರೆ ಪಾಲಿಸಿ ಬೇಕು. ಸರ್ಕಾರಿ ಪ್ರವಾಹ ವಿಮೆಯಲ್ಲಿ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್. ನಷ್ಟದ ಲೆಕ್ಕವನ್ನು ಸಹಿ ಮಾಡಿ 60 ದಿನದೊಳಗೆ ಕೊಡಬೇಕು. ಕಂಪನಿ ಹಣ ನಿರಾಕರಿಸಿದರೆ ಆ ಪತ್ರವನ್ನು ಬಿಸಾಡಬೇಡಿ. ನಾನ್‌ಪ್ರಾಫಿಟ್ ಸಂಸ್ಥೆ ಕೇಳುವ ಕಾಗದಗಳಲ್ಲಿ ಅದೂ ಒಂದು.

3. ಫೆಮಾಗೆ ಅರ್ಜಿ, ಸಿಗಲ್ಲ ಅನ್ನಿಸಿದರೂ

ಫೆಮಾ ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ. ವಿಪತ್ತು ಘೋಷಣೆಯಾದ ದಿನದಿಂದ ಸಾಮಾನ್ಯವಾಗಿ 60 ದಿನದೊಳಗೆ ಅರ್ಜಿ ಹಾಕಬೇಕು. "ನಮಗೆಲ್ಲಿ ಕೊಡ್ತಾರೆ" ಎಂದು ಸುಮ್ನೆ ಕೂರುವವರು ಬಹಳ. ಕೊಡದಿದ್ದರೂ ಅರ್ಜಿ ಹಾಕಿದ ಸಂಖ್ಯೆ ಮತ್ತು ನಿರಾಕರಣೆ ಪತ್ರ ನಿಮ್ಮ ಕೈಗೆ ಬರುತ್ತದೆ. ಅವು ಇಲ್ಲದೆ ಮುಂದಿನ ಬಾಗಿಲು ತೆರೆಯುವುದು ಕಷ್ಟ.

ಮೊದಲ ಉತ್ತರ "ಅನರ್ಹ" ಎಂದು ಬಂದರೆ ಹೆದರಬೇಡಿ. ಎಷ್ಟೋ ಸಲ ಅದರ ಅರ್ಥ ಒಂದು ಕಾಗದ ಕಡಿಮೆ ಇದೆ ಎಂದಷ್ಟೇ. ಪತ್ರದ ದಿನಾಂಕದಿಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು.

ನಮ್ಮವರು ಜಾಸ್ತಿ ಕೇಳುವುದು ವೀಸಾ ಬಗ್ಗೆ. ಫೆಮಾದ ನಗದು ಸಹಾಯಕ್ಕೆ ಅಮೆರಿಕದ ಪ್ರಜೆಯೋ, ಗ್ರೀನ್ ಕಾರ್ಡ್ ಇರುವವರೋ, ಆಶ್ರಯ ಪಡೆದವರಂಥ ಅರ್ಹ ವಲಸಿಗರೋ ಆಗಿರಬೇಕು. ಎಚ್-1ಬಿ ಎಂಬ ಕೆಲಸದ ವೀಸಾ ಸಾಲದು. ಆದರೆ ಮನೆಯಲ್ಲಿ ಅಲ್ಲೇ ಹುಟ್ಟಿದ, ಅಮೆರಿಕದ ಪ್ರಜೆಯಾದ ಚಿಕ್ಕ ಮಗು ಇದ್ದರೆ ಆ ಮಗುವಿನ ಪರವಾಗಿ ತಂದೆತಾಯಿ ಅರ್ಜಿ ಹಾಕಲು ಅವಕಾಶ ಇಟ್ಟಿದ್ದಾರೆ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಒಮ್ಮೆ ಖಚಿತಪಡಿಸಿಕೊಳ್ಳಿ. ನಾನ್‌ಪ್ರಾಫಿಟ್ ಸಂಸ್ಥೆ ದಾನಿಗಳ ಹಣದಿಂದ ಮಾಡುವ ಕೆಲಸಕ್ಕೆ ಅದರದೇ ನಿಯಮ ಇರುತ್ತದೆ, ಅದನ್ನು ಬೇರೆಯಾಗಿ ಕೇಳಿ.

4. ಮನೆ ಯಾರ ಹೆಸರಲ್ಲಿದೆ?

ಹೆಚ್ಚು ಜನ ಎಡವುವುದು ಇಲ್ಲೇ. ನಮ್ಮೂರಲ್ಲಿ ಪೌತಿ ಖಾತೆ ಮಾಡಿಸದೆ ಪಹಣಿ ತಾತನ ಹೆಸರಲ್ಲೇ ಉಳಿದಿರುತ್ತದಲ್ವಾ, ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಹಾಗೇ. ಅಜ್ಜಿ ತೀರಿಕೊಂಡಿರುತ್ತಾರೆ, ಉಯಿಲು ಇರುವುದಿಲ್ಲ, ಮೊಮ್ಮಗಳು ಇಪ್ಪತ್ತು ವರ್ಷದಿಂದ ಅದೇ ಮನೆಯಲ್ಲಿ ತೆರಿಗೆ ಕಟ್ಟಿಕೊಂಡು ಇರುತ್ತಾಳೆ. ಕಾನೂನಿನ ಲೆಕ್ಕದಲ್ಲಿ ಆ ಮನೆ ಹತ್ತಾರು ವಾರಸುದಾರರದ್ದು. ಇದನ್ನು ಅಲ್ಲಿ ವಾರಸುದಾರರ ಆಸ್ತಿ ಎನ್ನುತ್ತಾರೆ. ಕಪ್ಪು ಜನರ ಕುಟುಂಬಗಳಲ್ಲಿ ಇದು ಬಹಳ. ಕತ್ರೀನಾ ನಂತರ ಸಾವಿರಾರು ಮನೆಯವರು ಹಕ್ಕುಪತ್ರ ತೋರಿಸಲಾಗದೆ ನೆರವನ್ನು ಕಳೆದುಕೊಂಡರು ಅಥವಾ ವರ್ಷಗಟ್ಟಲೆ ಕಾದರು.

2021ರಲ್ಲಿ ಫೆಮಾ ನಿಯಮ ಸಡಿಲಿಸಿತು. ತೆರಿಗೆ ರಸೀದಿ, ದೊಡ್ಡ ರಿಪೇರಿಯ ಬಿಲ್ಲು ಇಂಥವನ್ನೂ ಒಪ್ಪಿಕೊಳ್ಳಲು ಶುರುಮಾಡಿತು. ಬೇರೇನೂ ಸಿಗದಾಗ ವಾರಸುದಾರರು ಸ್ವಂತ ಘೋಷಣೆ ಬರೆದುಕೊಡಲೂಬಹುದು. ಆದರೆ ಇದು ಫೆಮಾದ ಮಟ್ಟಿಗೆ ಮಾತ್ರ. ನಾನ್‌ಪ್ರಾಫಿಟ್ ಸಂಸ್ಥೆ ನಿಮ್ಮ ಮನೆಗೆ ದೊಡ್ಡ ಮೊತ್ತ ಹಾಕುವಾಗ ಹೆಚ್ಚಾಗಿ ಪಕ್ಕಾ ಹಕ್ಕುಪತ್ರವನ್ನೇ ಕೇಳುತ್ತದೆ. ವಿಪತ್ತಿನ ಸಮಯದಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಮೊದಲ ತಿಂಗಳೇ ವಕೀಲರ ಹತ್ತಿರ ಹೋಗಿ. ವಾರಸುದಾರರ ಸಹಿ ಕೂಡಿಸುವುದಕ್ಕೆ ಮನೆ ಕಟ್ಟುವುದಕ್ಕಿಂತ ಜಾಸ್ತಿ ಸಮಯ ಹಿಡಿಯಬಹುದು.

5. ಸಂಸ್ಥೆಯನ್ನು ಹುಡುಕುವುದು

ನೇರವಾಗಿ ಸಂಸ್ಥೆಯ ಕಚೇರಿಗೆ ಹೋದರೆ ಹೆಚ್ಚು ಕಡೆ ವಾಪಸ್ ಕಳಿಸುತ್ತಾರೆ. ಸರಿಯಾದ ದಾರಿ ಹೀಗೆ: 211 ನಂಬರಿಗೆ ಫೋನ್ ಮಾಡಿ, ನಿಮ್ಮ ಕೌಂಟಿಯ (ನಮ್ಮಲ್ಲಿನ ಜಿಲ್ಲೆಯಂಥದ್ದು) ದೀರ್ಘಕಾಲೀನ ಪುನರ್ವಸತಿ ಗುಂಪು ಯಾವುದು ಎಂದು ಕೇಳಿ. ಚರ್ಚುಗಳು, ದತ್ತಿ ಸಂಸ್ಥೆಗಳು, ಮನೆ ಕಟ್ಟುವವರು ಎಲ್ಲರೂ ಕೂತು ಯಾರ ಮನೆಗೆ ಯಾರು ಏನು ಕೊಡಬೇಕು ಎಂದು ಹಂಚಿಕೊಳ್ಳುವ ಮೇಜು ಅದು. ಅಲ್ಲಿ ನಿಮಗೆ ಒಬ್ಬ ಕೇಸ್ ಮ್ಯಾನೇಜರ್ ಸಿಗುತ್ತಾರೆ. ನಿಮ್ಮ ಕಡತ ಹಿಡಿದು ಓಡಾಡುವವರು ಅವರೇ. ಅವರ ಜೊತೆ ಒಳ್ಳೆಯ ಸಂಪರ್ಕ ಇಟ್ಟುಕೊಳ್ಳಿ. ಅವರು ಕೇಳಿದ ಕಾಗದವನ್ನು ಎರಡು ದಿನದಲ್ಲಿ ಕಳಿಸುವವರ ಕಡತ ಮುಂದೆ ಹೋಗುತ್ತದೆ.

6. ಕೊರತೆಯ ಲೆಕ್ಕ

ಒಂದು ಹಾಳೆ ತೆಗೆದುಕೊಳ್ಳಿ. ಮನೆ ರಿಪೇರಿಗೆ 95,000 ಡಾಲರ್ ಬೇಕು ಅಂದುಕೊಳ್ಳೋಣ. ವಿಮೆಯಿಂದ 40,000, ಫೆಮಾದಿಂದ 20,000 ಬಂತು. ಕೊರತೆ 35,000. ಸಂಸ್ಥೆ ನೋಡುವುದು ಈ ಕೊನೆಯ ಅಂಕಿಯನ್ನು.

ಇಲ್ಲಿ ಒಂದು ಗಂಡಾಂತರ ಇದೆ. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯುವಂತಿಲ್ಲ ಎಂಬುದು ಅಮೆರಿಕದ ವಿಪತ್ತು ಕಾನೂನಿನಲ್ಲಿದೆ. ಇದನ್ನು ಇಮ್ಮಡಿ ನೆರವು ಎನ್ನೋಣ. ಫೆಮಾ ಕೊಟ್ಟ 20,000ದಲ್ಲಿ ನೀವು 9,000 ಹಾಕಿ ಮುಳುಗಿಹೋದ ಕಾರಿನ ಬದಲು ಹಳೆಯ ಕಾರು ಕೊಂಡಿರಿ ಅಂದುಕೊಳ್ಳಿ. ಕೆಲಸಕ್ಕೆ ಹೋಗಲು ಕಾರು ಬೇಕೇ ಬೇಕು, ಯಾರು ಬೇಕಾದರೂ ಹಾಗೇ ಮಾಡುತ್ತಾರೆ. ಆದರೆ ಆ ಹಣ ಬಂದದ್ದು ಮನೆ ರಿಪೇರಿಗೆ. ಸರ್ಕಾರಿ ಹಣ ಬಳಸುವ ಯೋಜನೆ ಆ 9,000 ಇನ್ನೂ ನಿಮ್ಮ ಕೈಯಲ್ಲಿದೆ ಎಂದೇ ಲೆಕ್ಕ ಹಾಕುತ್ತದೆ. ಕೊರತೆ ತುಂಬಿದ ಮೇಲೂ 9,000ದ ಕೆಲಸ ಹಾಗೇ ಉಳಿಯುತ್ತದೆ. ಹಾಗಾಗಿ ಪ್ರತಿ ಹಣ ಬಂದಾಗ ಅದು ಯಾವುದಕ್ಕೆ ಎಂದು ಪತ್ರ ಓದಿ, ಅದಕ್ಕೇ ಖರ್ಚು ಮಾಡಿ, ರಸೀದಿ ಇಡಿ. ಎಸ್‌ಬಿಎ ಎಂಬ ಸರ್ಕಾರಿ ಸಂಸ್ಥೆ ಮನೆಯವರಿಗೂ ಕಡಿಮೆ ಬಡ್ಡಿಯ ವಿಪತ್ತು ಸಾಲ ಕೊಡುತ್ತದೆ. ಆ ಸಾಲವೂ ಈ ಲೆಕ್ಕದಲ್ಲಿ ಸೇರಬಹುದು. ಸಹಿ ಹಾಕುವ ಮುಂಚೆ ಕೇಸ್ ಮ್ಯಾನೇಜರ್‌ಗೆ ತಿಳಿಸಿ.

ಇನ್ನೂ ಒಂದು. ದೊಡ್ಡ ವಿಪತ್ತುಗಳ ನಂತರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ವಿಶೇಷವಾಗಿ ಹಣ ಮಂಜೂರು ಮಾಡಿ ವಸತಿ ಇಲಾಖೆಯ ಮೂಲಕ ರಾಜ್ಯಗಳಿಗೆ ಕೊಡುತ್ತದೆ. ಇದು ಬರುವುದು ತಡ, ವರ್ಷ ಮೀರುವುದೂ ಉಂಟು. ಈ ಯೋಜನೆಗೆ ಅರ್ಜಿ ಹಾಕಿದ ಮೇಲೆ ಪರಿಸರ ಪರಿಶೀಲನೆ ಮುಗಿಯುವ ತನಕ ರಿಪೇರಿ ಕೆಲಸ ನಿಲ್ಲಿಸಬೇಕು ಎಂಬ ಷರತ್ತು ಸಾಮಾನ್ಯ. ಅದು ಗೊತ್ತಿಲ್ಲದೆ ಅಡುಗೆಮನೆ ಕೆಲಸ ಮುಂದುವರಿಸಿದರೆ ಅರ್ಹತೆಯೇ ಹೋಗಬಹುದು.

ಇಂಥ ಹಣದ ಲೆಕ್ಕ ಹೇಗೆ ಅನ್ಯಾಯಕ್ಕೆ ದಾರಿಯಾಗುತ್ತದೆ ಎಂಬುದಕ್ಕೆ ಕತ್ರೀನಾ ನಂತರ ಲೂಸಿಯಾನಾ ತಂದ ರೋಡ್ ಹೋಮ್ ಯೋಜನೆಯನ್ನು ನೋಡಬೇಕು. ಗರಿಷ್ಠ 1,50,000 ಡಾಲರ್ ಕೊಡುವ ಯೋಜನೆ. ಆದರೆ ರಿಪೇರಿ ಖರ್ಚು ಮತ್ತು ಹರಿಕೇನ್‌ಗೆ ಮೊದಲಿನ ಮನೆಯ ಬೆಲೆ, ಈ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಆಧಾರವಾಗಿ ಹಿಡಿದರು. ಕಪ್ಪು ಜನರ ಬಡಾವಣೆಗಳಲ್ಲಿ ಮನೆಗಳಿಗೆ ಮೊದಲಿಂದಲೂ ಬೆಲೆ ಕಡಿಮೆ. ಅಷ್ಟೇ ದೊಡ್ಡ ಮನೆ, ಅಷ್ಟೇ ಹಾನಿ, ಆದರೂ ಕೈಗೆ ಬಂದದ್ದು ಕಡಿಮೆ. 2008ರಲ್ಲಿ ಮೊಕದ್ದಮೆ ಹೂಡಲಾಯಿತು, 2011ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಎಷ್ಟೋ ಮನೆಯವರು ಅರ್ಧ ಕಟ್ಟಿ ಕೈಚೆಲ್ಲಿದ್ದರು. ಆ ಅರ್ಧ ಮನೆಗಳನ್ನು ಪೂರ್ತಿ ಮಾಡಿದ್ದರಲ್ಲಿ ನಾನ್‌ಪ್ರಾಫಿಟ್ ಸಂಸ್ಥೆಗಳ ಪಾಲು ದೊಡ್ಡದು. ನನ್ನ ಪ್ರಕಾರ ಅವರ ಅತಿ ಮುಖ್ಯ ಕೆಲಸ ಇದೇ.

7. ಮನೆ ಎತ್ತರಿಸಬೇಕಾ?

ಪ್ರವಾಹ ವಲಯದಲ್ಲಿ ರಿಪೇರಿ ಖರ್ಚು ಕಟ್ಟಡದ ಬೆಲೆಯ ಶೇ. 50 ಮುಟ್ಟಿದರೆ ಹಳೆಯ ಮನೆಯನ್ನು ಹಾಗೇ ಸರಿಮಾಡುವಂತಿಲ್ಲ. ಈಗಿನ ನಿಯಮದ ಎತ್ತರಕ್ಕೆ ಏರಿಸಬೇಕು. ಗಮನಿಸಿ, ಲೆಕ್ಕಕ್ಕೆ ಬರುವುದು ಕಟ್ಟಡದ ಬೆಲೆ ಮಾತ್ರ, ಜಾಗದ್ದಲ್ಲ. ಕೆಲಸ ಶುರು ಮಾಡುವ ಮೊದಲು ಊರಿನ ಕಟ್ಟಡ ಕಚೇರಿಯಿಂದ ಈ ವಿಷಯದಲ್ಲಿ ಲಿಖಿತ ಉತ್ತರ ಪಡೆಯಿರಿ. ಸರ್ಕಾರಿ ಪ್ರವಾಹ ವಿಮೆ ಇದ್ದರೆ ಎತ್ತರಿಸುವ ಖರ್ಚಿಗೆಂದೇ 30,000 ಡಾಲರ್‌ವರೆಗೆ ಬೇರೆ ಹಣ ಸಿಗುತ್ತದೆ. ಕೇಳದೆ ಯಾರೂ ಹೇಳುವುದಿಲ್ಲ.

8. ಒಪ್ಪಂದಕ್ಕೆ ಸಹಿ

ಉಚಿತವಾಗಿ ಕಟ್ಟಿಕೊಡುತ್ತಾರೆ ಎಂಬ ಖುಷಿಯಲ್ಲಿ ಓದದೆ ಸಹಿ ಹಾಕಬೇಡಿ. ಸಾಮಾನ್ಯವಾಗಿ ಅದು ಮನ್ನಾ ಆಗುವ ಸಾಲದ ರೂಪದಲ್ಲಿರುತ್ತದೆ. ಉದಾಹರಣೆಗೆ ಐದು ವರ್ಷ ಅದೇ ಮನೆಯಲ್ಲಿ ವಾಸ ಇದ್ದರೆ ಸಾಲ ಪೂರ್ತಿ ಮನ್ನಾ. ಅಷ್ಟರೊಳಗೆ ಮಾರಿದರೆ ಅಥವಾ ಬಾಡಿಗೆಗೆ ಕೊಟ್ಟರೆ ಉಳಿದದ್ದನ್ನು ಹಿಂದಿರುಗಿಸಬೇಕು. ಈ ಅವಧಿ ಎಷ್ಟು, ನೀವು ತೀರಿಕೊಂಡರೆ ಮಕ್ಕಳ ಮೇಲೆ ಬರುತ್ತದಾ, ಕೇಳಿ ಬರೆಸಿಕೊಳ್ಳಿ.

ಗುತ್ತಿಗೆದಾರನಿಗೆ ಹಣ ಕೊಟ್ಟರೂ ಅವನು ಮರದ ಅಂಗಡಿಗೆ ಬಾಕಿ ಉಳಿಸಿಕೊಂಡರೆ ಅಂಗಡಿಯವರು ನಿಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು. ಆದ್ದರಿಂದ ಪ್ರತಿ ಕಂತಿಗೂ "ಬಾಕಿ ಇಲ್ಲ, ಹಕ್ಕು ಬಿಟ್ಟಿದ್ದೇವೆ" ಎಂಬ ಪತ್ರ ಪಡೆಯಬೇಕು. ಒಳ್ಳೆಯ ಸಂಸ್ಥೆ ಇದನ್ನು ತಾನೇ ನೋಡಿಕೊಳ್ಳುತ್ತದೆ. ಕೇಳಿದಾಗ ಅವರಿಗೆ ಇದರ ಬಗ್ಗೆ ಗೊತ್ತಿಲ್ಲ ಅನ್ನಿಸಿದರೆ ಎಚ್ಚರವಾಗಿರಿ.

ಮನೆ ಕೊಟ್ಟ ಮೇಲೆ ದೋಷ ಕಂಡರೆ ಯಾರು ಸರಿಮಾಡುತ್ತಾರೆ? ಇದನ್ನು ಖಂಡಿತ ಕೇಳಿ. ನಟ ಬ್ರಾಡ್ ಪಿಟ್ 2007ರಲ್ಲಿ ಶುರು ಮಾಡಿದ ಮೇಕ್ ಇಟ್ ರೈಟ್ ಎಂಬ ಸಂಸ್ಥೆ ನ್ಯೂ ಆರ್ಲಿಯನ್ಸ್‌ನ ಲೋಯರ್ ನೈನ್ತ್ ವಾರ್ಡ್‌ನಲ್ಲಿ 150 ಮನೆ ಕಟ್ಟುವ ಗುರಿ ಇಟ್ಟುಕೊಂಡು 109 ಕಟ್ಟಿತು. ಹೆಸರಾಂತ ವಾಸ್ತುಶಿಲ್ಪಿಗಳ ವಿನ್ಯಾಸ, ಒಳ್ಳೆಯ ಉದ್ದೇಶ. ಆದರೆ ಅಷ್ಟೊಂದು ಮಳೆ ಬೀಳುವ ಊರಲ್ಲಿ ಕೆಲವು ಮನೆಗಳಿಗೆ ಮಟ್ಟಸ ಚಾವಣಿ, ಸಾಕಷ್ಟು ಹೊರಚಾಚದ ಸೂರು, ಹೊರಗಿನ ಮೆಟ್ಟಿಲು ಜಗಲಿಗಳಿಗೆ ಹೊಸ ಬಗೆಯ ಮರ. ಮರ ಕೊಳೆಯಿತು, ನೀರು ಸೋರಿತು, ಬೂಷ್ಟು ಹಿಡಿಯಿತು. 2018ರಲ್ಲಿ ನಿವಾಸಿಗಳು ಕೋರ್ಟಿಗೆ ಹೋದರು. ಚಂದದ ಚಿತ್ರಕ್ಕಿಂತ ಆ ಊರಲ್ಲಿ ಹತ್ತಾರು ವರ್ಷದಿಂದ ಕಟ್ಟುತ್ತಾ ಬಂದ ಸಂಸ್ಥೆಯ ಹಳೆಯ ಮನೆಗಳನ್ನು ಹೋಗಿ ನೋಡುವುದು ಮೇಲು. ಅಲ್ಲಿರುವವರನ್ನು ಮಾತಾಡಿಸಿ.

9. ಕಟ್ಟುವಾಗ ಕಣ್ಣಿಡಬೇಕಾದದ್ದು ಚಾವಣಿ ಮೇಲೆ

ಹರಿಕೇನ್ ಗಾಳಿಗೆ ಮೊದಲು ಸೋಲುವುದು ಚಾವಣಿ. ಫೋರ್ಟಿಫೈಡ್ ಎಂಬ ಮಾನದಂಡ ಇದೆ, ಅಲಬಾಮಾ ತೀರದಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಅದರಲ್ಲಿ ನಯವಾದ ಮೊಳೆ ಹೊಡೆಯುವುದಿಲ್ಲ, ಮೈತುಂಬ ಉಂಗುರದ ಗೆರೆ ಇರುವ ಮೊಳೆ ಹೊಡೆಯುತ್ತಾರೆ. ಅದು ಮರವನ್ನು ಕಚ್ಚಿ ಹಿಡಿಯುತ್ತದೆ. ಚಾವಣಿ ಹಲಗೆಗಳ ಸಂದಿಗೆ ಅಂಟುಪಟ್ಟಿ ಹಾಕಿ ಮುಚ್ಚುತ್ತಾರೆ. ಮೇಲಿನ ಹೊದಿಕೆ ಹಾರಿಹೋದರೂ ನೀರು ಒಳಗೆ ಇಳಿಯುವುದು ಕಡಿಮೆ. ಹೇಗೂ ಚಾವಣಿ ಹೊಸದಾಗಿ ಹಾಕುತ್ತಿದ್ದರೆ ಇದಕ್ಕೆ ತಗಲುವ ಹೆಚ್ಚುವರಿ ಖರ್ಚು ದೊಡ್ಡದಲ್ಲ. ಸಂಸ್ಥೆಯನ್ನು ಕೇಳಿ, ಒಪ್ಪುವ ಸಾಧ್ಯತೆ ಇದೆ. ಮುಚ್ಚುವ ಮೊದಲು ಪ್ರತಿ ಪದರದ ಫೋಟೋ ಇರಲಿ.

ಹೊಸ ಮನೆ, ಬಾಡಿಗೆ ಮನೆ

ಹ್ಯಾಬಿಟಾಟ್ ಮಾದರಿಯ ಹೊಸ ಮನೆ ದಾನವಲ್ಲ. ಕಂತು ಕಟ್ಟಬೇಕು, ಜೊತೆಗೆ ಇಂತಿಷ್ಟು ಗಂಟೆ ಕಟ್ಟಡದಲ್ಲಿ ಮೈಮುರಿದು ದುಡಿಯಬೇಕು. ಕೆಲವು ಕಡೆ ಜಾಗ ಒಂದು ಟ್ರಸ್ಟಿನದ್ದಾಗಿ, ಮನೆ ಮಾತ್ರ ನಿಮ್ಮದಾಗಿರುತ್ತದೆ. ಮುಂದೆ ಮಾರುವಾಗ ಬೆಲೆಗೆ ಮಿತಿ ಇರುತ್ತದೆ. ಇನ್ನೊಂದು ಬಡ ಕುಟುಂಬಕ್ಕೂ ಕೈಗೆಟಕಲಿ ಎಂಬುದು ಉದ್ದೇಶ.

ಬಾಡಿಗೆ ವಸತಿಗೆ ಹಣ ಬರುವುದು ಹೆಚ್ಚಾಗಿ ತೆರಿಗೆ ರಿಯಾಯಿತಿ ಯೋಜನೆಯಿಂದ. ಹಣ ಹೂಡುವ ಕಂಪನಿಗೆ ತೆರಿಗೆಯಲ್ಲಿ ಕಡಿತ, ಬದಲಿಗೆ ಬಾಡಿಗೆಗೆ ವರ್ಷಗಟ್ಟಲೆ ಮಿತಿ. ಕತ್ರೀನಾ ನಂತರ 2005ರ ಡಿಸೆಂಬರ್‌ನಲ್ಲಿ ಲೂಸಿಯಾನಾ, ಮಿಸಿಸಿಪಿ, ಅಲಬಾಮಾಗಳಿಗೆ ಇಂಥ ರಿಯಾಯಿತಿಯನ್ನು ಹೆಚ್ಚಾಗಿ ಕೊಟ್ಟರು. ಮನೆ ಎದ್ದು ನಿಲ್ಲಲು ಮೂರ್ನಾಲ್ಕು ವರ್ಷವಾದರೂ ಬೇಕು. ಹೆಸರು ನೋಂದಾಯಿಸಿ, ವಿಳಾಸ ಮತ್ತು ಫೋನ್ ನಂಬರ್ ಬದಲಾದಾಗಲೆಲ್ಲ ತಿಳಿಸುತ್ತಿರಿ. ಪತ್ರ ಹಳೆಯ ವಿಳಾಸಕ್ಕೆ ಹೋಗಿ ಸರದಿ ತಪ್ಪಿಸಿಕೊಳ್ಳುವವರು ಬಹಳ.

ಗೃಹಪ್ರವೇಶದ ನಂತರ

ಹೆಚ್ಚಿನ ಅಪಾಯದ ಪ್ರವಾಹ ವಲಯದಲ್ಲಿ ಕೇಂದ್ರದ ನೆರವು ಪಡೆದ ಮನೆಗೆ ಮುಂದೆ ಪ್ರವಾಹ ವಿಮೆ ಇಟ್ಟುಕೊಳ್ಳಲೇಬೇಕು. ಬಿಟ್ಟರೆ ಮುಂದಿನ ಹರಿಕೇನ್‌ಗೆ ನೆರವು ಸಿಗದೇ ಹೋಗಬಹುದು. ಮನೆ ಮಾರುವಾಗ ಕೊಳ್ಳುವವರಿಗೂ ಇದನ್ನು ಬರಹದಲ್ಲಿ ತಿಳಿಸಬೇಕು. ಹೊಸ ಪಾಲಿಸಿ ಸಾಮಾನ್ಯವಾಗಿ 30 ದಿನದ ನಂತರವೇ ಜಾರಿಗೆ ಬರುತ್ತದೆ. ಹರಿಕೇನ್ ಕಾಲ ಶುರುವಾಗುವುದು ಜೂನ್ 1ಕ್ಕೆ, ಹಾಗಾಗಿ ಏಪ್ರಿಲ್ ಕೊನೆಯೊಳಗೆ ಮಾಡಿಸಿ.

ಕನ್ನಡ ಕೂಟಗಳಿಗೆ, ಕೊಡುವವರಿಗೆ

ಬಟ್ಟೆ, ಹಾಸಿಗೆ ಕಳಿಸಬೇಡಿ. ಅದನ್ನು ವಿಂಗಡಿಸಲು ಜನ ಬೇಕು, ಇಡಲು ಜಾಗ ಬೇಕು. ಹಣ ಕೊಡಿ. ಮೊದಲ ತಿಂಗಳು ಎಲ್ಲರೂ ಕೊಡುತ್ತಾರೆ, ಸಂಸ್ಥೆಯ ಕೈ ಬರಿದಾಗುವುದು ಎರಡನೇ ಮತ್ತು ಮೂರನೇ ವರ್ಷ. ಕೂಟದಲ್ಲಿ ಸೇರಿಸಿದ ಹಣವನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ವರ್ಷದ ನಂತರ ಕೊಡುವುದಾಗಿ ಹೇಳಿದರೆ ಅವರಿಗೆ ತುಂಬಾ ಅನುಕೂಲ. ನೇರವಾಗಿ ಮರ, ಮೊಳೆಗೇ ಹೋಗಬೇಕು ಎಂಬ ಷರತ್ತು ಹಾಕಬೇಡಿ. ಕೇಸ್ ಮ್ಯಾನೇಜರ್ ಸಂಬಳಕ್ಕೂ ದುಡ್ಡು ಬೇಕು, ಆ ಒಬ್ಬರಿಲ್ಲದೆ ಹತ್ತಾರು ಕಡತಗಳು ನಿಂತುಬಿಡುತ್ತವೆ.

ಸ್ವಯಂಸೇವಕರಾಗಿ ಹೋಗುವವರು ಪ್ರತಿದಿನ ಹಾಜರಿ ಪುಸ್ತಕದಲ್ಲಿ ಹೆಸರು, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಬರೆದು ಸಹಿ ಹಾಕಿ. ಮರ ಬಿದ್ದ ರಸ್ತೆ ತೆರವು ಮಾಡುವುದು, ಊಟ ಹಂಚುವುದು ಇಂಥ ತುರ್ತು ಕೆಲಸದಲ್ಲಿ ಸ್ವಯಂಸೇವಕರು ದುಡಿದ ಗಂಟೆಗಳಿಗೆ ಫೆಮಾ ಬೆಲೆ ಕಟ್ಟುತ್ತದೆ. ತುರ್ತು ಕೆಲಸಗಳ ಖರ್ಚಿನಲ್ಲಿ ಊರಿನ ಆಡಳಿತ ಹಾಕಬೇಕಾದ ಪಾಲಿನಿಂದ ಅಷ್ಟನ್ನು ಕಳೆಯಲು ಅವಕಾಶ ಇದೆ. ಸಹಿ ಇಲ್ಲದ ಗಂಟೆ ಲೆಕ್ಕಕ್ಕೆ ಬರುವುದಿಲ್ಲ.